‘ಫೋಲ್ಡರ್ ಖಾಲಿ ಇಲ್ಲ’: ಶಿರಸಿಯ ಅಡಿಕೆ ಸಂಘವೊಂದರ ಹಳೆ ಪಿಎಚ್‌ಪಿ ತಾಣಕ್ಕೆ ಲಾರಾವೆಲ್ ಹಾಕಿದ ಪ್ರಕರಣ

ಶಿರಸಿ ಸುತ್ತಿನ ಅಡಿಕೆ ಬೆಳೆಗಾರರ ಒಂದು ಸಣ್ಣ ಸಂಘದಲ್ಲಿ 2024ರ ಮಾರ್ಚ್‌ನಲ್ಲಿ ನಡೆದದ್ದು ಇದು. ಲಾರಾವೆಲ್ ಎಂದರೆ ಪಿಎಚ್‌ಪಿ ಭಾಷೆಯಲ್ಲಿ ಜಾಲತಾಣ ಕಟ್ಟಲು ಸಿಗುವ ಸಿದ್ಧ ಚೌಕಟ್ಟು, ಅಂದರೆ ಫ್ರೇಮ್‌ವರ್ಕ್. ಸಂಘದ ಹೆಸರು, ಜಾಗ, ಅಲ್ಲಿನವರ ಗುರುತು ಯಾವುದನ್ನೂ ಹೇಳುವುದಿಲ್ಲ, ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಕೊಟ್ಟ ಆಜ್ಞೆಗಳು, ಅವಕ್ಕೆ ಬಂದ ಉತ್ತರಗಳು, ಕೆಲಸ ಕೆಟ್ಟ ಕ್ರಮ ಮಾತ್ರ ಇದ್ದ ಹಾಗೇ ಇವೆ. ಕೀಲಿಮಣೆಯ ಮುಂದೆ ಕೂತಿದ್ದವನನ್ನು ‘ಹುಡುಗ’ ಎಂದೇ ಕರೆಯುತ್ತೇನೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ನಾನು ಆ ಸಂಘಕ್ಕೆ ಆಗೀಗ ಸಲಹೆಗೆ ಹೋಗುವ ಹೊರಗಿನವ.

ಏನಿತ್ತು

ಸಂಘದ ಕಚೇರಿಯ ಮೂಲೆಯಲ್ಲಿ ಒಂದು ಹಳೆ ಡೆಸ್ಕ್‌ಟಾಪ್. ಅದರಲ್ಲಿ ಉಬುಂಟು 22.04, ಅಪಾಚೆ ಎಂಬ ವೆಬ್ ಸರ್ವರ್, ಮರಿಯಾಡಿಬಿ ಎಂಬ ಡೇಟಾಬೇಸ್, ಪಿಎಚ್‌ಪಿ 8.1. ನಾಲ್ಕು ಕೌಂಟರಿನ ಕಂಪ್ಯೂಟರುಗಳು ಒಳಗಿನ ನೆಟ್‌ವರ್ಕಿನಲ್ಲೇ ಇದಕ್ಕೆ ಜೋಡಿಸಿಕೊಂಡಿವೆ. ಸರ್ವರನ್ನು ಹೊರಗೆ ಇಡಬಹುದಿತ್ತಲ್ಲ ಎಂದು ಬೆಂಗಳೂರಿನಿಂದ ಬಂದವರು ಕೇಳುತ್ತಾರೆ. ಒಂದು ಮಳೆಗಾಲ ಇಲ್ಲಿದ್ದು ನೋಡಿದವರು ಕೇಳುವುದಿಲ್ಲ. ಹೊರಗಿನ ಹೋಸ್ಟಿಂಗಿನಲ್ಲಿ ಇದೇ ತಾಣದ ಒಂದು ಪ್ರತಿ ಇದೆ. ಬೆಳೆಗಾರರು ಮನೆಯಲ್ಲೇ ಕೂತು ತಮ್ಮ ಲೆಕ್ಕದ ಪಟ್ಟಿ ನೋಡುವುದು ಅದರಲ್ಲಿ.

ತಾಣ ಬರೆದದ್ದು 2013ರಲ್ಲಿ, ಯಾವ ಫ್ರೇಮ್‌ವರ್ಕೂ ಇಲ್ಲದ ಬರೀ ಪಿಎಚ್‌ಪಿಯಲ್ಲಿ. ಡೇಟಾಬೇಸ್ ಜೊತೆ ಮಾತಾಡಲು ಆಗ ಬಳಸಿದ್ದ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು ಪಿಎಚ್‌ಪಿ 7.0 ಕಿತ್ತುಹಾಕಿತು. ಸಂಘದವರು 2019ರವರೆಗೆ ಹಳೆ ಆವೃತ್ತಿಯಲ್ಲೇ ತಳ್ಳಿ, ಆಮೇಲೆ ಯಾರಿಂದಲೋ ಅವುಗಳ ಹೊಸ ರೂಪವಾದ ಮೈಎಸ್‌ಕ್ಯೂಎಲ್‌ಐಗೆ ಬದಲಿಸಿಕೊಂಡರು. ಫೋಲ್ಡರ್ ತೆರೆದರೆ ಈ ಹನ್ನೊಂದು ವರ್ಷ ಅಲ್ಲೇ ಕಾಣುತ್ತಿತ್ತು. ಪಟ್ಟಿಯ ಪುಟ, ಪಟ್ಟಿ_ಹೊಸದು, ಪಟ್ಟಿ_ಹೊಸದು2, ಪಟ್ಟಿ_ಫೈನಲ್. ನಡೆಯುತ್ತಿದ್ದದ್ದು ಪಟ್ಟಿ_ಹೊಸದು. ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲ್ ಒಂದು. ಪಿಡಿಎಫ್ ತೆಗೆಯಲು ತಂದ ಲೈಬ್ರರಿಗೆಂದು ಒಂದು ಕಂಪೋಸರ್ (ಲೈಬ್ರರಿಗಳನ್ನು ತಂದುಕೊಡುವ ಸಾಧನ) ಫೈಲ್, ಅವು ಬಂದು ಕೂರುವ ಒಂದು ವೆಂಡರ್ ಫೋಲ್ಡರ್. ಎಲ್ಲಕ್ಕಿಂತ ಮುಖ್ಯವಾಗಿ ‘ಅಪ್‌ಲೋಡ್ಸ್’: ಸದಸ್ಯರ ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ಸಹಿ ಮಾಡಿದ ರಸೀದಿ, ಇವುಗಳ ಫೋಟೊಗಳು. ಕೋಡ್ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳನ್ನೆಲ್ಲ ಕೂಡಿಡುವ ಸಾಧನ) ಇತ್ತು, ದೂರದ ಸರ್ವರಿಗೆ ಕೊನೆಯ ಸಲ ತಳ್ಳಿದ್ದು ಡಿಸೆಂಬರಿನಲ್ಲಿ. ಅಪ್‌ಲೋಡ್ಸ್ ಗಿಟ್‌ನಲ್ಲಿ ಇರಲಿಲ್ಲ. ಇರಬಾರದು ಕೂಡ.

ಸಂಘಕ್ಕೆ ಬೇಕಾದದ್ದು ದೊಡ್ಡದೇನಲ್ಲ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂಬ ಅಡಿಕೆ ಬಗೆಗಳ ಪ್ರತಿ ದಿನದ ಟೆಂಡರ್ ದರ ಹಾಕುವ ಪುಟ, ಲಾಗಿನ್, ಸದಸ್ಯನಿಗೆ ಅವನದೇ ಪಟ್ಟಿ. ಹಳೆ ಕೋಡಿಗೆ ಇನ್ನೊಂದು ಪಟ್ಟಿ_ಹೊಸದು3 ಸೇರಿಸುವ ಬದಲು ಲಾರಾವೆಲ್ ಹಾಕೋಣ ಎಂದು ಹುಡುಗ ಹೇಳಿದ. ನಾನೂ ಹೂಂ ಅಂದೆ. ಜೊತೆಗೆ ಎರಡು ಷರತ್ತು ಬಂದವು. ಒಂದು, ತಾಣದ ವಿಳಾಸ ಬದಲಾಗಬಾರದು, ಏಕೆಂದರೆ ಸದಸ್ಯರ ಪುಸ್ತಕದ ಮೇಲೆಲ್ಲ ಹಳೆ ವಿಳಾಸ ಅಚ್ಚಾಗಿದೆ. ಇನ್ನೊಂದು, ಮಾರಿಕಾಂಬಾ ಜಾತ್ರೆಯ ಒಳಗೆ ಆಗಬೇಕು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಆ ಸಲ ಮಾರ್ಚ್ ಮೂರನೇ ವಾರದಲ್ಲಿತ್ತು. ಆಗ ಕೌಂಟರ್ ಬಂದ್, ಮುಗಿದ ಮೇಲೆ ಹೊಸದರಲ್ಲೇ ಶುರು ಎಂಬುದು ಮ್ಯಾನೇಜರರ ಲೆಕ್ಕ.

‘ವಿಳಾಸ ಬದಲಾಗಬಾರದು’ ಎಂಬ ಮಾತು ಹುಡುಗನ ತಲೆಯಲ್ಲಿ ‘ಅದೇ ಫೋಲ್ಡರಿನಲ್ಲೇ ಆಗಬೇಕು’ ಎಂದಾಯಿತು. ಇವೆರಡೂ ಬೇರೆ ಬೇರೆ ಮಾತು ಎಂದು ಆವತ್ತು ನಾನೂ ಬಿಡಿಸಿ ಹೇಳಲಿಲ್ಲ.

ಗುರುವಾರ ಮಧ್ಯಾಹ್ನ

ಮಾರ್ಚ್ ಮೊದಲ ವಾರದ ಗುರುವಾರ, ಊಟದ ಹೊತ್ತು, ಕೌಂಟರಿನಲ್ಲಿ ಜನ ಕಡಿಮೆ. ಹುಡುಗ ನೇರ ಸರ್ವರಿನ ಮುಂದೆ ಕೂತ. ಅವನು ಕೊಟ್ಟ ನಾಲ್ಕು ಆಜ್ಞೆಗಳನ್ನು ಟರ್ಮಿನಲ್ಲಿನ ಇತಿಹಾಸದಿಂದ ಆಮೇಲೆ ಓದಿದೆ. ಇಡೀ ಪ್ರಕರಣದ ತಿರುಳು ಆ ನಾಲ್ಕು ಸಾಲಿನಲ್ಲೇ ಇದೆ.

ಮೊದಲನೆಯದು, ಫೋಲ್ಡರಿನ ಒಳಗೆ ನಿಂತು ಹೊಸ ಪ್ರಾಜೆಕ್ಟ್ ಇಳಿಸುವ ಕಂಪೋಸರಿನ ಆಜ್ಞೆ ಕ್ರಿಯೇಟ್-ಪ್ರಾಜೆಕ್ಟ್, ಜಾಗದ ಬದಲು ಒಂದು ಚುಕ್ಕಿ. ಎಂದರೆ ‘ಇಲ್ಲೇ ಹಾಕು’. ಕಂಪೋಸರ್ ಒಪ್ಪಲಿಲ್ಲ. ಈ ಫೋಲ್ಡರ್ ಖಾಲಿ ಇಲ್ಲ ಎಂದಿತು.

ಎರಡನೆಯದು, ಒಂದು ಮೆಟ್ಟಿಲು ಮೇಲೆ ಹೋಗಿ ಲಾರಾವೆಲ್‌ನ ಇನ್‌ಸ್ಟಾಲರಿಗೆ ಫೋಲ್ಡರಿನ ಹೆಸರು ಕೊಟ್ಟು ‘ನ್ಯೂ’. ಆ ಹೆಸರಿನ ಅಪ್ಲಿಕೇಶನ್ ಈಗಾಗಲೇ ಇದೆ ಎಂಬ ಉತ್ತರ ಬಂತು.

ಆಗ ಅವನು ಸಹಾಯದ ಪುಟ ನೋಡಿದ. ಅಲ್ಲಿ ‘ಫೋರ್ಸ್’ ಎಂಬ ಆಯ್ಕೆಯ ಎದುರು ಒಂದೇ ಸಾಲು: ಡೈರೆಕ್ಟರಿ ಮೊದಲೇ ಇದ್ದರೂ ಇನ್‌ಸ್ಟಾಲ್ ಮಾಡುತ್ತದೆ. ಮತ್ತೆ ಒಳಗೆ ಬಂದು ಚುಕ್ಕಿಯ ಜೊತೆ ಫೋರ್ಸ್ ಸೇರಿಸಿದ. ಇದು ಮೂರನೆಯದು. ನಿಂತಿರುವ ಫೋಲ್ಡರಿಗೇ ಇನ್‌ಸ್ಟಾಲ್ ಮಾಡುವಾಗ ಫೋರ್ಸ್ ಬಳಸುವಂತಿಲ್ಲ ಎಂದು ಇನ್‌ಸ್ಟಾಲರ್ ಖಡಾಖಂಡಿತವಾಗಿ ಹೇಳಿತು.

ನಾಲ್ಕನೆಯದು, ಮತ್ತೆ ಮೇಲೆ ಹೋಗಿ, ಫೋಲ್ಡರಿನ ಹೆಸರು, ಜೊತೆಗೆ ಫೋರ್ಸ್.

ಇದು ನಡೆಯಿತು. ಸ್ಟಾರ್ಟರ್ ಕಿಟ್ ಬೇಕೇ, ಟೆಸ್ಟಿಂಗಿಗೆ ಯಾವುದು ಬೇಕು, ಗಿಟ್ ಶುರು ಮಾಡಲೇ ಎಂದೆಲ್ಲ ಇನ್‌ಸ್ಟಾಲರ್ ಕೇಳಿತು. ಅವನು ಎಂಟರ್ ಒತ್ತುತ್ತ ಹೋದ. ಕೇಳದೇ ಬಿಟ್ಟ ಪ್ರಶ್ನೆ ಒಂದೇ. ಹೊಸ ಪ್ರಾಜೆಕ್ಟ್ ಇಳಿಸುವ ಮುನ್ನ ಇನ್‌ಸ್ಟಾಲರ್ ಆ ಹೆಸರಿನ ಫೋಲ್ಡರನ್ನು ಬುಡಸಮೇತ ಅಳಿಸುತ್ತದೆ. ಲಿನಕ್ಸಿನಲ್ಲಿ ಅದು ನಮಗೆಲ್ಲ ಗೊತ್ತಿರುವ ಆರ್‌ಎಂ ಹೈಫನ್ ಆರ್‌ಎಫ್. ಕಸದ ಬುಟ್ಟಿಗೂ ಹೋಗುವುದಿಲ್ಲ. ಕೋಡ್, ಅಪ್‌ಲೋಡ್ಸ್, ಗಿಟ್‌ನ ಅಡಗಿದ ಫೋಲ್ಡರ್ ಎಲ್ಲವೂ ಒಟ್ಟಿಗೇ ಹೋದವು.

ಹುಡುಗನ ಮಗ್ಗುಲಿಗೆ ನಿಂತು ಒಂದು ಮಾತು. ‘ಮೊದಲೇ ಇದ್ದರೂ ಇನ್‌ಸ್ಟಾಲ್ ಮಾಡುತ್ತದೆ’ ಎಂಬುದನ್ನು ‘ಇದ್ದದ್ದರ ಮೇಲೆ ಸೇರಿಸುತ್ತದೆ’ ಎಂದು ಓದುವವರೇ ಹೆಚ್ಚು. ನಾನೂ ಹಾಗೇ ಓದುತ್ತಿದ್ದೆ. ಆದರೆ ಮೂರನೇ ಸಲ ಬಂದ ಉತ್ತರ ಬರೀ ದೋಷದ ಸೂಚನೆಯಲ್ಲ, ಅದೊಂದು ಬೇಲಿ. ಒಳಗೆ ನಿಂತಿರುವ ಫೋಲ್ಡರಿಗೆ ಏಕೆ ಬೇಡ ಎನ್ನುತ್ತಿದೆ ಎಂದು ಒಂದು ನಿಮಿಷ ಯೋಚಿಸಿದ್ದರೆ ‘ಅಳಿಸುತ್ತದೆ, ಅದಕ್ಕೆ’ ಎಂದು ಹೊಳೆಯುತ್ತಿತ್ತು. ಅವನು ಬೇಲಿ ಸುತ್ತಿ ಆಚೆ ಹೋದ.

ಊಟ ಮುಗಿಸಿ ಬಂದ ಹಿರಿಯ ಗುಮಾಸ್ತರು ಪಟ್ಟಿ ತೆರೆದರು, ಪುಟ ಸಿಗಲಿಲ್ಲ. ಮುಖಪುಟ ತೆರೆದರೆ ಫೋಲ್ಡರುಗಳ ಸಾಲು: ಆ್ಯಪ್, ಬೂಟ್‌ಸ್ಟ್ರ್ಯಾಪ್, ಕಾನ್ಫಿಗ್, ಡೇಟಾಬೇಸ್. “ಎಂತಾ ಆತೋ ತಮಾ?” ಎಂದು ಅವರು ಕೇಳಿದ್ದಕ್ಕೆ ಹುಡುಗ ಉತ್ತರ ಕೊಡಲಿಲ್ಲ. ನನಗೆ ಫೋನ್ ಮಾಡಿದ. “ಅಣ್ಣಾ, ಫೋಲ್ಡರ್ ಇಲ್ಲೆ (ಇಲ್ಲ).”

ಉಳಿದದ್ದು, ಸಿಕ್ಕಿದ್ದು

ನಾನು ಫೋನಿನಲ್ಲಿ ಹೇಳಿದ್ದು ಒಂದೇ: ಏನೂ ಮಾಡಬೇಡ, ಮಷೀನ್ ಬಂದ್ ಮಾಡು. ಅಳಿಸಿದ ಫೈಲಿನ ಜಾಗ ‘ಖಾಲಿ’ ಎಂದು ಗುರುತಾಗುತ್ತದೆ ಅಷ್ಟೇ, ಮೇಲೆ ಬೇರೆ ಏನಾದರೂ ಬರೆಯುವ ತನಕ ಒಳಗಿನದು ಅಲ್ಲೇ ಇರುತ್ತದೆ. ಆದರೆ ಲಾರಾವೆಲ್ ತನ್ನ ವೆಂಡರ್ ಫೋಲ್ಡರಿಗೆ ಸಾವಿರಾರು ಸಣ್ಣ ಫೈಲುಗಳನ್ನು ಆಗಲೇ ಬರೆದಾಗಿತ್ತು. ಇನ್ನು ಒಂದು ಗಂಟೆ ಓಡಿಸಿದರೆ ಲಾಗುಗಳೂ ಸೇರಿಕೊಳ್ಳುತ್ತವೆ. ಪುಣ್ಯಕ್ಕೆ ಅದು ತಿರುಗುವ ಹಾರ್ಡ್‌ಡಿಸ್ಕ್. ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ ಎಂಬ ಏರ್ಪಾಡು ಖಾಲಿ ಜಾಗವನ್ನು ತಾನೇ ಒರೆಸಿಬಿಡಬಹುದಾದ್ದರಿಂದ ಹೆಚ್ಚು ಆಸೆ ಇಟ್ಟುಕೊಳ್ಳುವಂತಿರಲಿಲ್ಲ.

ಡೇಟಾಬೇಸ್ ಬೇರೆ ಜಾಗದಲ್ಲಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಕೋಡ್ ಡಿಸೆಂಬರಿನ ತನಕ ಗಿಟ್‌ನಿಂದ ಬಂತು. ಆಮೇಲೆ ತಿದ್ದಿದ ಮೂರು ಫೈಲುಗಳಲ್ಲಿ ಎರಡು ಹೋಸ್ಟಿಂಗಿನ ಪ್ರತಿಯಲ್ಲಿ ಸಿಕ್ಕವು, ಒಂದನ್ನು ಹುಡುಗ ನೆನಪಿನಿಂದ ಬರೆದ. ಉಳಿದ ಚಿಂತೆ ಅಪ್‌ಲೋಡ್ಸಿನದು. ಮ್ಯಾನೇಜರರಿಗೆ ಹೇಗೆ ಹೇಳುವುದು ಎಂದು ನಾವಿಬ್ಬರೂ ತಡಕಾಡುತ್ತಿದ್ದಾಗ ಗುಮಾಸ್ತರು ಮೇಜಿನ ಖಾನೆ ಎಳೆದರು. “ಶನಿವಾರದ್ದು ನನ್ನತ್ರ ಇದ್ದು.”

ಪ್ರತಿ ಶನಿವಾರ ಬಾಗಿಲು ಹಾಕುವ ಮುಂಚೆ ಅವರು ಆ ಒಂದು ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡುತ್ತಿದ್ದರು. ಯಾರೂ ಹೇಳಿರಲಿಲ್ಲ. ಹಿಂದೊಮ್ಮೆ ಸಿಡಿಲಿಗೆ ಕಂಪ್ಯೂಟರ್ ಸುಟ್ಟಾಗಿನಿಂದ ಬಂದ ಅಭ್ಯಾಸವಂತೆ. ನಮ್ಮ ‘ಬ್ಯಾಕಪ್ ನೀತಿ’ಯ ಕಾಗದದಲ್ಲಿ ಇದರ ಸುದ್ದಿಯೇ ಇರಲಿಲ್ಲ. ಆ ಕಾಗದ ಬರೆದವನು ನಾನೇ.

ಹಾಗಾಗಿ ಕಳೆದದ್ದು ಐದು ದಿನದ ಫೋಟೊಗಳು. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ, ಅದಕ್ಕೆ ಏನನ್ನೂ ಬರೆಯದೆ ಫೋಟೊರೆಕ್ ಓಡಿಸಿದೆವು. ಇದು ಫೈಲಿನ ಹೆಸರನ್ನು ನೋಡುವುದಿಲ್ಲ, ಜೆಪೆಗ್ ಎಲ್ಲಿ ಶುರುವಾಗುತ್ತದೆ ಎಂದು ಡಿಸ್ಕನ್ನೇ ತಡವಿ ನೋಡುತ್ತದೆ. ಒಂದು ರಾತ್ರಿ ಓಡಿ ಹೆಸರಿಲ್ಲದ ಫೋಟೊಗಳ ರಾಶಿಯನ್ನೇ ಸುರಿಯಿತು, ಹತ್ತು ವರ್ಷದ್ದೂ ಸೇರಿ. ಕೌಂಟರಿನವರು ಫೋಟೊ ತೆಗೆಯುವುದು ಫೋನಿನಲ್ಲಿ, ಅದು ಪ್ರತಿ ಚಿತ್ರದ ಒಳಗೆ ತೆಗೆದ ದಿನ, ಸಮಯ ಬರೆದಿರುತ್ತದೆ. ಡೇಟಾಬೇಸಿನಲ್ಲಿ ಅಪ್‌ಲೋಡ್ ಆದ ಹೊತ್ತು ಇತ್ತು. ಎರಡನ್ನೂ ಎದುರು ಬದುರು ಇಟ್ಟು ಹೊಂದಿಸಿ ಬಹುಪಾಲು ಮರಳಿ ಪಡೆದೆವು. ಸಿಗದ ಕೆಲವಕ್ಕೆ ಸದಸ್ಯರನ್ನು ಮತ್ತೆ ಕರೆಯಬೇಕಾಯಿತು. ಅವರಿಗೆ ನಿಜವನ್ನೇ ಹೇಳಲಾಯಿತು, ಯಾರೂ ಜಗಳ ಮಾಡಲಿಲ್ಲ. ಒಬ್ಬರು ಮಾತ್ರ ಬನವಾಸಿ ಕಡೆಯಿಂದ ಬಸ್ಸಿನಲ್ಲಿ ಎರಡು ಸಲ ಬಂದರು. ಅವರ ಮುಖ ನೋಡಲು ನನಗೆ ಕಷ್ಟವಾಯಿತು.

ಎರಡನೇ ಸಲ

ಶನಿವಾರ ಹಳೆಯದು ಮತ್ತೆ ನಡೆಯತೊಡಗಿತು. ಈ ಸಲ ನಡೆಯುತ್ತಿರುವ ತಾಣವನ್ನು ಮುಟ್ಟದೆ, ಗಿಟ್‌ನಿಂದ ಇನ್ನೊಂದು ಪ್ರತಿ ತೆಗೆದು ಅದರ ಮೇಲೆ ತಾಲೀಮು ಮಾಡುವುದೆಂದು ಗೊತ್ತುಮಾಡಿದೆವು. ಹೊಸ ಪ್ರಾಜೆಕ್ಟನ್ನು ಪಕ್ಕದ ಖಾಲಿ ಫೋಲ್ಡರಿನಲ್ಲಿ ಕಟ್ಟಿ ಆಮೇಲೆ ಇಲ್ಲಿಗೆ ತರುವುದು. ಅಲ್ಲಿಂದ ಇಲ್ಲಿಗೆ ತರುವಲ್ಲಿ ಎಷ್ಟು ಕಡೆ ಮುಗ್ಗರಿಸಬಹುದು ಎಂದು ತಿಳಿದದ್ದು ಆಗಲೇ.

ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು ಬಂದ. ಅಲ್ಲಿ ಪಿಎಚ್‌ಪಿ 8.3. ಲಾರಾವೆಲ್ 11 ಬಂದದ್ದು ಮಾರ್ಚ್ 12ಕ್ಕೆ, ಅವನು ಕಟ್ಟಿದ್ದು ಅದರ ಮಾರನೇ ದಿನ. ಕಂಪೋಸರ್ ಹೊಸದನ್ನೇ ಕೊಟ್ಟಿತು. ಅದಕ್ಕೆ ಕನಿಷ್ಠ ಪಿಎಚ್‌ಪಿ 8.2 ಬೇಕು, ಸರ್ವರಿನಲ್ಲಿದ್ದದ್ದು 8.1. ಅಲ್ಲಿ ತೆರೆದ ಕೂಡಲೇ ಆವೃತ್ತಿ ಸಾಲದು ಎಂದು ನಿಂತಿತು. ಕೆಲಸ ನಡೆಯಬೇಕಾದ ಮಷೀನಿನಲ್ಲೇ ಕಟ್ಟಿದ್ದರೆ ಕಂಪೋಸರ್ ಅಲ್ಲಿನ ಪಿಎಚ್‌ಪಿ ನೋಡಿ ತಾನೇ 10ನ್ನು ಆರಿಸುತ್ತಿತ್ತು. ಸರ್ವರಿನ ಪಿಎಚ್‌ಪಿಯನ್ನೇ ಏರಿಸಬಹುದಿತ್ತು, ಆದರೆ ಅದರ ಮೇಲೆ ಹಳೆ ಪುಟಗಳೂ ನಿಂತಿವೆ, ಜಾತ್ರೆಗೆ ವಾರವೂ ಇಲ್ಲ. ಆವೃತ್ತಿ 10 ಎಂದು ಆಜ್ಞೆಯಲ್ಲೇ ಕಟ್ಟಿಹಾಕಿದೆವು. ಅದಕ್ಕೆ ಭದ್ರತಾ ತಿದ್ದುಪಡಿ ಸಿಗುವುದು 2025ರ ಫೆಬ್ರುವರಿವರೆಗೆ ಮಾತ್ರ ಎಂದು ಗೊತ್ತಿದ್ದೇ ಮಾಡಿದ್ದು. ಸರಿಯೋ ತಪ್ಪೋ ಎಂದು ಈಗಲೂ ನನಗೂ ಹುಡುಗನಿಗೂ ಚರ್ಚೆ ಇದೆ.

ಆಮೇಲಿನ ತಪ್ಪು ನನ್ನದು. ಹೊಸ ಫೋಲ್ಡರಿನಿಂದ ಎಲ್ಲವನ್ನೂ ನಕ್ಷತ್ರದ ಗುರುತು ಹಾಕಿ ಮೂವ್ ಮಾಡಿದೆ. ಎರಡು ಎಡವಟ್ಟಾದವು. ಹಳೆ ವೆಂಡರ್ ಇದ್ದಲ್ಲಿಗೆ ಹೊಸ ವೆಂಡರ್ ಹೋಗಲಿಲ್ಲ. ಚುಕ್ಕಿಯಿಂದ ಶುರುವಾಗುವ ಫೈಲುಗಳನ್ನು ಆ ನಕ್ಷತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಡಾಟ್ ಎನ್ವ್ (ಪಾಸ್‌ವರ್ಡ್, ಕೀ ಇರುವ ಫೈಲ್), ಡಾಟ್ ಗಿಟ್‌ಇಗ್ನೋರ್ (ಗಿಟ್ ಸೇರಬಾರದವುಗಳ ಪಟ್ಟಿ) ಹಿಂದೆಯೇ ಉಳಿದವು. ವೆಂಡರನ್ನು ಕಂಪೋಸರಿನಿಂದ ಮತ್ತೆ ಕಟ್ಟಿಸಿದ ಮೇಲೂ ಪುಟ ತೆರೆದರೆ ಬರೀ 500, ಎಂದರೆ ಸರ್ವರಿನೊಳಗಿನ ದೋಷ. ಲಾಗ್ ನೋಡಿದಾಗ ಎನ್‌ಕ್ರಿಪ್ಷನ್ ಕೀ ಇಲ್ಲ ಎಂಬ ದೂರು. ಕೀ ಇರುವುದೇ ಡಾಟ್ ಎನ್ವ್‌ನಲ್ಲಿ. ಇಪ್ಪತ್ತು ವರ್ಷದಿಂದ ಲಿನಕ್ಸ್ ಬಳಸುವವನು ಮಾಡುವ ತಪ್ಪೇ ಇದು ಎಂದು ಹುಡುಗ ಹೇಳಲಿಲ್ಲ, ನಕ್ಕ ಅಷ್ಟೇ.

ಪ್ರತಿಯನ್ನು ಬಿಸಾಡಿ ಮತ್ತೆ ತೆಗೆದು, ಫೈಲುಗಳನ್ನು ನಕಲು ಮಾಡುವ ಆರ್‌ಸಿಂಕ್ ಹಿಡಿದೆವು. ಅದರಲ್ಲಿ ‘ಇಗ್ನೋರ್-ಎಕ್ಸಿಸ್ಟಿಂಗ್’ ಎಂದರೆ ಆ ಕಡೆ ಈಗಾಗಲೇ ಇರುವ ಫೈಲನ್ನು ಮುಟ್ಟಬೇಡ ಎಂದು. ಮೊದಲು ‘ಡ್ರೈ ರನ್’ ಕೊಟ್ಟು ಏನೇನು ಹೋಗುತ್ತದೆ, ಏನು ಉಳಿಯುತ್ತದೆ ಎಂಬ ಪಟ್ಟಿಯನ್ನು ಕಾಗದಕ್ಕೆ ಇಳಿಸಿಕೊಂಡೆವು. ವೆಂಡರನ್ನು ಎರಡೂ ಕಡೆ ಬಿಟ್ಟೆವು. ಅದನ್ನು ಕಂಪೋಸರ್ ಮತ್ತೆ ಕಟ್ಟಿಕೊಡುತ್ತದೆ, ಹೊತ್ತು ತರುವ ವಸ್ತುವಲ್ಲ. ಹಾಗೆ ಬಿಡದಿದ್ದರೆ, ಕ್ಲಾಸುಗಳನ್ನು (ಕೋಡಿನ ತುಂಡುಗಳನ್ನು) ಹುಡುಕಿಕೊಡುವ ಆಟೋಲೋಡ್ ಫೈಲ್ ಹಳೆಯದೇ ಉಳಿದುಕೊಂಡು ಲಾರಾವೆಲ್‌ನ ಒಂದು ಕ್ಲಾಸೂ ಸಿಗುತ್ತಿರಲಿಲ್ಲ.

ಎರಡೂ ಕಡೆ ಇದ್ದ ಫೈಲುಗಳು ಬೆರಳೆಣಿಕೆಯಷ್ಟು. ಅವನ್ನು ಕೈಯಲ್ಲೇ ಕೂಡಿಸಬೇಕಾಯಿತು. ಕಂಪೋಸರ್ ಫೈಲಿಗೆ ಲಾರಾವೆಲ್‌ನದನ್ನೇ ಇಟ್ಟುಕೊಂಡು ಪಿಡಿಎಫ್ ಲೈಬ್ರರಿಯನ್ನು ಹೊಸದಾಗಿ ಸೇರಿಸಿದೆವು. ಗಿಟ್‌ಇಗ್ನೋರ್ ವಿಷಯಕ್ಕೆ ಅರ್ಧ ದಿನ ಕೊಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಹೊಸದು ಹಳೆಯದನ್ನು ಮುಚ್ಚಿದ್ದರೆ ಅಪ್‌ಲೋಡ್ಸ್ ಎಂಬ ಸಾಲು ಹೋಗಿ, ಸದಸ್ಯರ ಪಹಣಿ, ಪಾಸ್‌ಬುಕ್ಕೆಲ್ಲ ಗಿಟ್ ಸೇರಿ ಹೊರಗಿನ ಸರ್ವರಿಗೆ ಹೋಗುತ್ತಿದ್ದವು. ಹಳೆಯದೇ ಉಳಿದಿದ್ದರೆ ಡಾಟ್ ಎನ್ವ್‌ನೊಳಗಿನ ಪಾಸ್‌ವರ್ಡ್ ಹೋಗುತ್ತಿತ್ತು.

ಬಾಗಿಲು ಎಲ್ಲಿ

ನನ್ನ ಮೊದಲ ಯೋಜನೆ ಹಳೆ ಕೋಡನ್ನೆಲ್ಲ ‘ಹಳೇದು’ ಎಂಬ ಉಪಫೋಲ್ಡರಿಗೆ ತಳ್ಳುವುದಾಗಿತ್ತು. ಆದರೆ ಅಚ್ಚಾದ ವಿಳಾಸ ಒಡೆಯುತ್ತದೆ. ಹಳೆಯದು ಇದ್ದಲ್ಲೇ ಇರಲಿ ಎಂದರೆ ಇನ್ನೊಂದು ತೊಂದರೆ. ಅಪಾಚೆ ಆವರೆಗೆ ಬಾಗಿಲು ತೆರೆದದ್ದು ಫೋಲ್ಡರಿನ ಬುಡಕ್ಕೇ. ಲಾರಾವೆಲ್‌ನಲ್ಲಿ ಹೊರಗಿನವರಿಗೆ ತೆರೆಯಬೇಕಾದದ್ದು ಅದರೊಳಗಿನ ‘ಪಬ್ಲಿಕ್’ ಫೋಲ್ಡರ್ ಮಾತ್ರ. ಗುರುವಾರ ಗುಮಾಸ್ತರ ಪರದೆಯ ಮೇಲೆ ಬಂದ ಫೋಲ್ಡರುಗಳ ಸಾಲು ಹೇಳುತ್ತಿದ್ದದ್ದೂ ಇದನ್ನೇ. ಆ ಸಾಲಿನಲ್ಲಿ ಡಾಟ್ ಎನ್ವ್ ಕಾಣುತ್ತಿರಲಿಲ್ಲ, ಏಕೆಂದರೆ ಅಪಾಚೆ ಚುಕ್ಕಿಯ ಫೈಲುಗಳನ್ನು ಸಾಲಿಗೆ ಸೇರಿಸುವುದಿಲ್ಲ. ವಿಳಾಸ ಬರೆದು ಕೇಳಿದರೆ ಮಾತ್ರ ಪಾಸ್‌ವರ್ಡ್ ಸಮೇತ ಕೊಡುತ್ತದೆ. ಒಳಗಿನ ನೆಟ್‌ವರ್ಕಾದ್ದರಿಂದ ಬಚಾವ್. ಹೋಸ್ಟಿಂಗಿನಲ್ಲಿ ಹೀಗೆ ಆಗಿದ್ದರೆ ಈ ಬರಹ ಬೇರೆಯೇ ಆಗುತ್ತಿತ್ತು.

ದಾರಿ ಸಿಕ್ಕಿದ್ದು ಲಾರಾವೆಲ್‌ನ ಪಬ್ಲಿಕ್ ಫೋಲ್ಡರಿನಲ್ಲೇ ಬರುವ ಡಾಟ್ ಎಚ್‌ಟಿಆ್ಯಕ್ಸೆಸ್ ಎಂಬ, ಅಪಾಚೆಗೆ ನಿಯಮ ಹೇಳುವ ಫೈಲ್ ಓದಿದಾಗ. ಕೇಳಿದ ಹೆಸರಿನ ಫೈಲಾಗಲಿ ಫೋಲ್ಡರಾಗಲಿ ನಿಜವಾಗಿ ಇದ್ದರೆ ಅದನ್ನೇ ಕೊಡು, ಇಲ್ಲದಿದ್ದರೆ ಮಾತ್ರ ಲಾರಾವೆಲ್ ಹತ್ತಿರ ಕಳಿಸು ಎಂಬುದು ಅದರ ನಿಯಮ. ಹಾಗಾದರೆ ನಡೆಯುತ್ತಿರುವ ಹಳೆ ಪುಟಗಳನ್ನು ಪಬ್ಲಿಕ್ ಒಳಗೆ ಇಟ್ಟರೆ ಸಾಕು, ಅದೇ ವಿಳಾಸಕ್ಕೆ ಅವು ಹಾಗೇ ಉತ್ತರ ಕೊಡುತ್ತವೆ. ಒಂದು ಪುಟ ಲಾರಾವೆಲ್‌ನಲ್ಲಿ ತಯಾರಾದ ದಿನ ಅದೇ ಹೆಸರಿನ ರೂಟ್ (ಈ ವಿಳಾಸಕ್ಕೆ ಈ ಉತ್ತರ ಎಂಬ ಸಾಲು) ಬರೆದು ಹಳೆ ಫೈಲ್ ತೆಗೆದರೆ ಮುಗಿಯಿತು. ಬಂದ್ ಮಾಡಿ ಒಂದೇ ದಿನ ಬದಲಿಸುವ ಮ್ಯಾನೇಜರರ ಲೆಕ್ಕವೇ ಅಲ್ಲಿಗೆ ಬೇಡವಾಯಿತು. ಅಪಾಚೆಯ ಬದಲು ಎನ್‌ಜಿನೆಕ್ಸ್ ಎಂಬ ವೆಬ್ ಸರ್ವರ್ ಆಗಿದ್ದರೆ ಇಷ್ಟು ಸಲೀಸಲ್ಲ, ಅಲ್ಲಿ ಪಿಎಚ್‌ಪಿ ಎಂದು ಕೊನೆಯಾಗುವ ವಿಳಾಸಕ್ಕೆ ಬೇರೆ ನಿಯಮ ಇರುತ್ತದೆ.

ಅಪ್‌ಲೋಡ್ಸನ್ನು ಪ್ರಾಜೆಕ್ಟಿನಿಂದಲೇ ಹೊರಗೆ, ಬೇರೆ ಡಿಸ್ಕಿಗೆ ತೆಗೆದು ಒಳಗೆ ಒಂದು ಸಿಮ್‌ಲಿಂಕ್ (ಅತ್ತ ದಾರಿ ತೋರಿಸುವ ಕೊಂಡಿ) ಇಟ್ಟೆವು. ಇನ್ನು ಯಾರು ಯಾವ ಫೋರ್ಸ್ ಕೊಟ್ಟರೂ ಹೋಗುವುದು ಲಿಂಕ್ ಮಾತ್ರ.

ಇದೇ ನಿಯಮ ಒಂದು ಸಲ ತಿರುಗಿಯೂ ಹೊಡೆಯಿತು. ಹುಡುಗ ‘ದರ’ ಎಂಬ ರೂಟ್ ಬರೆದ, ತೆರೆದರೆ 403, ಎಂದರೆ ಪ್ರವೇಶವಿಲ್ಲ. ಹಳೆ ಕಾಲದ ‘ದರ’ ಎಂಬ ಫೋಲ್ಡರ್ ಪಬ್ಲಿಕ್ ಒಳಗೆ ಬಂದು ಕೂತಿತ್ತು. ಅಪಾಚೆ ಅದನ್ನೇ ತೋರಿಸಲು ಹೋಗಿ, ಒಳಗೆ ಇಂಡೆಕ್ಸ್ ಇಲ್ಲದೆ ಬಾಗಿಲು ಹಾಕುತ್ತಿತ್ತು. ಒಂದು ಸಂಜೆ ಇದಕ್ಕೇ ಹೋಯಿತು.

ಕೊನೆಯ ಗಂಡಾಂತರ ಡೇಟಾಬೇಸಿನದು. ಲಾರಾವೆಲ್ ಜೊತೆ ಬರುವ ಮೊದಲ ಮೈಗ್ರೇಶನ್ (ಟೇಬಲ್‌ಗಳನ್ನು ಕಟ್ಟುವ, ತಿದ್ದುವ ಫೈಲ್) ‘ಯೂಸರ್ಸ್’ ಎಂಬ ಟೇಬಲ್ ಮಾಡುತ್ತದೆ, ಸಂಘದ ಡೇಟಾಬೇಸಿನಲ್ಲಿ ಆ ಹೆಸರಿನ ಟೇಬಲ್ 2013ರಿಂದಲೂ ಇದೆ. ಟೇಬಲ್ ಈಗಾಗಲೇ ಇದೆ ಎಂದು ಮೈಗ್ರೇಶನ್ ನಿಂತಿತು. ಹುಡುಗ ಹುಡುಕಿದ. ಸಿಕ್ಕ ಉತ್ತರ ‘ಮೈಗ್ರೇಟ್ ಫ್ರೆಶ್’. ಅದನ್ನು ಟೈಪ್ ಮಾಡಿ, ಎಂಟರ್ ಒತ್ತದೆ, ನನ್ನ ಕಡೆ ತಿರುಗಿ ಕೇಳಿದ: “ಅಣ್ಣಾ, ಇದು ಇದ್ದದ್ದನ್ನ ಎಂತಾ ಮಾಡ್ತು?”

ಇರುವ ಟೇಬಲ್‌ಗಳನ್ನೆಲ್ಲ ಬೀಳಿಸಿ ಮೊದಲಿನಿಂದ ಕಟ್ಟುತ್ತದೆ. ನಾನು ಹೇಳುವ ಮೊದಲೇ ಅವನು ಸಾಲನ್ನು ಅಳಿಸಿದ್ದ. ಬಂದಿದ್ದ ಮೈಗ್ರೇಶನ್ ಫೈಲನ್ನೇ ತೆಗೆದು, ಹಳೆ ಟೇಬಲಿಗೆ ಬೇಕಾದ ಕಾಲಂ ಮಾತ್ರ ಸೇರಿಸುವ ಹೊಸದೊಂದನ್ನು ಬರೆದೆವು.

ಈಗ

ದರದ ಪುಟ ಮತ್ತು ಲಾಗಿನ್ ಜಾತ್ರೆಗೆ ಎರಡು ದಿನ ಮುಂಚೆ ಲಾರಾವೆಲ್‌ಗೆ ಹೋದವು. ಉಳಿದ ಪುಟಗಳು ಒಂದೊಂದಾಗಿ ಮಳೆಗಾಲ ಮುಗಿಯುವ ತನಕ ಹೋಗುತ್ತಲೇ ಇದ್ದವು. ಪಟ್ಟಿ_ಹೊಸದು ತನ್ನ ಹೆಸರಿನಲ್ಲೇ ಈಗ ಲಾರಾವೆಲ್‌ನ ರೂಟ್ ಆಗಿದೆ, ಹೆಸರು ಬದಲಿಸೋಣ ಎಂದರೆ ಪುಸ್ತಕಗಳ ಮೇಲಿನ ಅಚ್ಚು ಬಿಡುವುದಿಲ್ಲ. ಸರ್ವರಿನಲ್ಲಿ ನೇರ ಕೂತು ಹೊಸದೇನನ್ನೂ ಹಾಕುವಂತಿಲ್ಲ ಎಂದು ಹುಡುಗನೇ ಒಂದು ಚೀಟಿ ಬರೆದು ಮಾನಿಟರಿಗೆ ಅಂಟಿಸಿದ್ದಾನೆ. ರಾತ್ರಿ ತಾನೇ ನಡೆಯುವ ಬ್ಯಾಕಪ್ ಹಾಕಿದ್ದೇವೆ. ಗುಮಾಸ್ತರು ಶನಿವಾರ ಪೆನ್‌ಡ್ರೈವ್ ಹಾಕುವುದನ್ನು ಬಿಟ್ಟಿಲ್ಲ, ನಾನೂ ಬಿಡಿ ಎಂದಿಲ್ಲ. ಪಬ್ಲಿಕ್ ಒಳಗೆ ಇನ್ನೂ ಮೂರು ಹಳೆ ಫೈಲುಗಳಿವೆ. ಅದರಲ್ಲಿ ಪಟ್ಟಿ_ಫೈನಲ್ ಏನು ಮಾಡುತ್ತದೆ ಎಂದು ಸಂಘದಲ್ಲಿ ಯಾರಿಗೂ ಗೊತ್ತಿಲ್ಲ, ಅಪಾಚೆಯ ಲಾಗ್ ನೋಡಿದರೆ ತಿಂಗಳಿಗೊಮ್ಮೆ ಯಾರೋ ಅದನ್ನು ತೆರೆಯುತ್ತಾರೆ.